ಕೆಡುವ ಪೆಟ್ರೋಲು, ಕೆಡಿಸಿದ ಪೆಟ್ರೋಲು

ಕೂಡಿಟ್ಟದ್ದು ಕೆಡುತ್ತದೆ ಎಂಬ ಪಾಠವನ್ನು ಮನೆ ನಡೆಸುವ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿಗೆ ಹುಳು ಬೀಳುತ್ತದೆ, ರವೆ ಗೂಡು ಕಟ್ಟುತ್ತದೆ, ಕೊಬ್ಬರಿ ಕಮಟು ಹಿಡಿಯುತ್ತದೆ, ಮಳೆಗಾಲ ಬಂತೆಂದರೆ ಬೆಲ್ಲ ನೀರು ಬಿಡುತ್ತದೆ. ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದರೆ ಸಾಕು, ಒಳಗಿನ ಪದಾರ್ಥದ ವಯಸ್ಸು ನಮಗೆ ಗೊತ್ತಾಗಿಬಿಡುತ್ತದೆ. ಆದರೆ ಪೆಟ್ರೋಲೂ ಹೀಗೆಯೇ ಇಟ್ಟಲ್ಲಿ ಕೆಡುವ ಪದಾರ್ಥವೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗಂತೂ ಅದು ತಿಳಿದದ್ದು ಐವತ್ತು ದಾಟಿದ ಮೇಲೆ. ತಿಳಿಸಿದ್ದು ಒಂದು ಹುಲ್ಲು ಕತ್ತರಿಸುವ ಯಂತ್ರ.

ನನ್ನ ಮಗಳ ಸಂಸಾರ ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಎಂಬ ಊರಿನ ಹೊರವಲಯದಲ್ಲಿದೆ. 2024ರಲ್ಲಿ ನಮ್ಮ ಶಾಲೆಗೆ ಬೇಸಿಗೆ ರಜೆ ಬಿಟ್ಟಾಗ ಅಲ್ಲಿಗೆ ಹೋಗಿದ್ದೆ. ಮಂಡ್ಯದಲ್ಲಿ ಏಪ್ರಿಲ್ ಎಂದರೆ ನೆಲ ಕಾದ ಕಾವಲಿ. ಅಲ್ಲಿ ಅದೇ ತಿಂಗಳಲ್ಲಿ ಹುಲ್ಲು ದಿನಕ್ಕಿಷ್ಟು ಎಂದು ಚಿಗುರುತ್ತದೆ. ಮನೆಯ ಮುಂದೆ ಹಿಂದೆ ಸೇರಿ ಒಂದೆಕರೆ ಹುಲ್ಲುಹಾಸು. ಅಷ್ಟನ್ನೂ ಕತ್ತರಿಸಲು ಪುಟ್ಟ ಟ್ರ್ಯಾಕ್ಟರಿನಂತೆ ಕೂತು ಓಡಿಸುವ ಯಂತ್ರವೊಂದಿದೆ. ಮೋವರ್ ಎನ್ನುತ್ತಾರೆ. ಸೀಟು, ಸ್ಟಿಯರಿಂಗು, ನಾಲ್ಕು ಚಕ್ರ, ಹೊಟ್ಟೆಯ ಕೆಳಗೆ ಫ್ಯಾನಿನ ರೆಕ್ಕೆಯಂತೆ ತಿರುಗುವ ಬ್ಲೇಡುಗಳು. ನವೆಂಬರಿನಿಂದ ಮಾರ್ಚಿಯವರೆಗೆ ಗ್ಯಾರೇಜಿನಲ್ಲಿ ಮಲಗಿದ್ದ ಅದನ್ನು ನಮ್ಮ ಅಳಿಯಂದಿರು ಒಂದು ಶನಿವಾರ ಹೊರಗೆ ತಂದು ಕೀಲಿ ತಿರುಗಿಸಿದರು. ಕರಕರ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ. "ನೀವು ಒಳಗೆ ಹೋಗಿ ಅತ್ತೆ, ಚಳಿ ಗಾಳಿ ಇದೆ" ಎಂದರು. ನಾನು ಹೋಗಲಿಲ್ಲ. ಶಾಲೆಯ ಮೇಷ್ಟರಿಗೆ ಇನ್ನೊಬ್ಬರು ಲೆಕ್ಕ ಬಿಡಿಸುವಾಗ ಎದ್ದು ಹೋಗುವ ಅಭ್ಯಾಸವಿರುವುದಿಲ್ಲ.

ಲೆಕ್ಕ ಬಿಡಿಸಿದವರು ಪಕ್ಕದ ಮನೆಯ ಹೆಂಗಸು. ಎಪ್ಪತ್ತು ದಾಟಿದವರು, ಒಂಟಿಯಾಗಿರುವವರು, ತಮ್ಮ ಮೋವರನ್ನು ತಾವೇ ರಿಪೇರಿ ಮಾಡಿಕೊಳ್ಳುವವರು. ಕೈಚೀಲದಲ್ಲಿ ಸ್ಪ್ಯಾನರ್ ಹಾಕಿಕೊಂಡು ಬಂದರು. ಮೊದಲು ಸೀಟನ್ನು ಒತ್ತಿ ನೋಡಿದರು. ಅದರ ಕೆಳಗೊಂದು ಸ್ವಿಚ್ಚಿರುತ್ತದೆ. ಬ್ಲೇಡು ತಿರುಗುತ್ತಿರುವಾಗ ಕೂತವರು ಎದ್ದರೆ ಅಥವಾ ಬಿದ್ದರೆ ಇಂಜಿನ್ ತಾನಾಗಿ ನಿಲ್ಲಲಿ ಎಂದು ಅದನ್ನಿಟ್ಟಿರುತ್ತಾರೆ. ಆ ಸ್ವಿಚ್ಚಿನ ವೈರು ಸಡಿಲವಾದರೂ ಗಾಡಿ ಮುಷ್ಕರ ಹೂಡುತ್ತದೆ. ಆಮೇಲೆ ಬ್ರೇಕಿನ ಪೆಡಲು, ಬ್ಲೇಡಿನ ಸನ್ನೆ, ಬ್ಯಾಟರಿಯ ತುದಿಗಳು, ಗಾಳಿ ಸೋಸುವ ಫಿಲ್ಟರು. ಎಲ್ಲವೂ ಸರಿಯಾಗಿದ್ದವು. ಕೊನೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ನಾವು ತುಪ್ಪದ ಡಬ್ಬಿಗೆ ಬಗ್ಗುವ ಹಾಗೆ ಒಂದು ಕ್ಷಣ ಬಗ್ಗಿ ಮೂಸಿ, ಮುಖ ಸಿಂಡರಿಸಿದರು. ಹೋದ ವರ್ಷದ ಪೆಟ್ರೋಲು. ಹೊಸ ಪೆಟ್ರೋಲಿನ ಚುರುಕು ವಾಸನೆ ಹೋಗಿ, ಹಳೆಯ ವಾರ್ನಿಷ್ ಡಬ್ಬಿಯ ಹುಳಿ ಕಮಟು ಬಂದಿತ್ತು.

ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳೂ ನಿಧಾನವಾಗಿ ಆವಿಯಾಗುವ ಭಾರದ ಅಂಶಗಳೂ ಕೂಡಿರುತ್ತವೆ. ಕಿಡಿ ತಾಗಿದ ಕೂಡಲೇ ಹತ್ತಿಕೊಳ್ಳುವವು ಹಗುರ ಅಂಶಗಳು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ಮೊದಲು ಅವೇ ಹಾರಿಹೋಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಂಟಾಗುತ್ತದೆ. ಕಾರ್ಬುರೇಟರ್ ಎಂಬ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲು ಗಾಳಿಯೊಡನೆ ಬೆರೆಯುತ್ತದಲ್ಲ, ಅಲ್ಲಿ ಗುಂಡುಸೂಜಿ ಗಾತ್ರದ ಒಂದು ತೂತಿರುತ್ತದೆ. ಅಂಟು ಹೋಗಿ ಅಲ್ಲಿ ಕೂರುತ್ತದೆ. ಹಿಂದೆ ನಮ್ಮ ಅಡುಗೆಮನೆಗಳಲ್ಲಿದ್ದ ಸೀಮೆಎಣ್ಣೆಯ ಪಂಪ್ ಸ್ಟೌವನ್ನು ನೆನಪಿಸಿಕೊಳ್ಳಿ. ತೂತು ಕಟ್ಟಿದರೆ ಅಮ್ಮಂದಿರು ಪಿನ್ನು ಚುಚ್ಚುತ್ತಿದ್ದರಲ್ಲ, ಇದೂ ಅದೇ ಕಾಯಿಲೆ. ಮದ್ದೂ ಅದೇ. ಆ ಹೆಂಗಸು ಹಳೆಯ ಪೆಟ್ರೋಲನ್ನೆಲ್ಲ ಕ್ಯಾನಿಗೆ ಬಸಿದರು. ಬಟ್ಟಲು ಬಿಚ್ಚಿ, ತಳದಲ್ಲಿ ಕೂತಿದ್ದ ನೀರಿನ ಹನಿಗಳನ್ನೂ ಬಿಳಿಯ ಪುಡಿಯನ್ನೂ ನನಗೆ ತೋರಿಸಿ ಒರೆಸಿದರು. ತೂತನ್ನು ಚೊಕ್ಕಟ ಮಾಡಿದರು, ಸ್ಪಾರ್ಕ್ ಪ್ಲಗ್ ಒರೆಸಿದರು. ಹೊಸ ಪೆಟ್ರೋಲು ಬಿದ್ದ ಮೇಲೆ ಮೂರನೆಯ ಸಲಕ್ಕೆ ಗಾಡಿ ಗುರುಗುಟ್ಟಿತು.

ಪೆಟ್ರೋಲಿನ ಬಟ್ಟಲಿನಲ್ಲಿ ನೀರು ಎಲ್ಲಿಂದ ಬಂತು ಎಂದು ಕೇಳಿದೆ. ಎಥನಾಲಿನಿಂದ ಎಂದು ಮಗಳ ಮೂಲಕ ಉತ್ತರ ಬಂತು. ಎಥನಾಲ್ ಎಂದರೆ ಮದ್ಯಸಾರ. ಅಮೆರಿಕದಲ್ಲಿ ಮಾರುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲು ಅದೇ ಇರುತ್ತದೆ. ಮೆಕ್ಕೆಜೋಳದಿಂದ ತೆಗೆಯುತ್ತಾರೆ. ಮಳೆಗಾಲದ ಉಪ್ಪಿನ ಹಾಗೆ ಅದು ಗಾಳಿಯ ತೇವವನ್ನು ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರು ಮತ್ತು ಮದ್ಯಸಾರ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಅಲ್ಲಿ ಕೂತು ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ, ಹಳೆಯ ಕಾಲದ ರಬ್ಬರನ್ನು ಊದಿಸುತ್ತವೆ. ಕಾರು ದಿನವೂ ಓಡುವುದರಿಂದ ಅದಕ್ಕೆ ಈ ಬಾಧೆ ಅಷ್ಟಾಗಿ ಕಾಣುವುದಿಲ್ಲ. ಐದು ತಿಂಗಳು ಮಲಗುವ ಮೋವರಿಗೆ ಕಾಣುತ್ತದೆ. ಅದಕ್ಕೇ ಅಲ್ಲಿ ಮೋವರಿದ್ದವರು ಎಥನಾಲನ್ನು ಬೈಯುವುದು ಒಂದು ಪದ್ಧತಿಯೇ ಆಗಿದೆ. ನೂರಕ್ಕೆ ಹದಿನೈದು ಪಾಲು ಎಥನಾಲಿರುವ ಪೆಟ್ರೋಲನ್ನು 2001ರ ನಂತರದ ಕಾರುಗಳಿಗೆ ಹಾಕಬಹುದೆಂದು ಅಲ್ಲಿನ ಸರ್ಕಾರವೇ ಒಪ್ಪಿದ್ದರೂ, ಮೋವರಿನಂಥ ಸಣ್ಣ ಇಂಜಿನ್ನುಗಳಿಗೆ ಹಾಕಕೂಡದೆಂದು ಹೇಳಿದೆ.

ಮಂಡ್ಯದವಳಾದ ನನಗೆ ಇದು ಸುಮ್ಮನೆ ಕೇಳಿ ಬಿಡುವ ಮಾತಾಗಿರಲಿಲ್ಲ. 1933ರಲ್ಲಿ ಹುಟ್ಟಿದ ಸಕ್ಕರೆ ಕಾರ್ಖಾನೆಯ ಊರು ನಮ್ಮದು. ಕಬ್ಬಿನ ಕಾಕಂಬಿಯ ವಾಸನೆಯಲ್ಲಿ ಬೆಳೆದವರು ನಾವು. ಆ ಕಾಕಂಬಿಯಿಂದ ತೆಗೆಯುವ ಮದ್ಯಸಾರವೇ ಪೆಟ್ರೋಲಿಗೆ ಸೇರುವುದು. ಇಂಥ ತಂಟೆಯ ಪದಾರ್ಥವನ್ನು ಇಂಜಿನ್ನಿಗೆ ಯಾಕೆ ಹಾಕುತ್ತಾರೆ? ಇದಕ್ಕೆ ಮೊದಲು ಏನು ಹಾಕುತ್ತಿದ್ದರು? ಈ ಎರಡು ಪ್ರಶ್ನೆ ಇಟ್ಟುಕೊಂಡು ರಜೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಮೋವರಿನ ಕತೆ ಹುಲ್ಲಿನಿಂದ ಹೊರಟು ನನ್ನ ತರಗತಿಯ ಬಾಗಿಲವರೆಗೂ ಬಂತು.

ಮೋವರಿನ ಹುಟ್ಟೂರು ಅಮೆರಿಕವಲ್ಲ, ಇಂಗ್ಲೆಂಡು. ಅದು ಹುಟ್ಟಿದ್ದು ಬಟ್ಟೆಯ ಗಿರಣಿಯಲ್ಲಿ. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಸುತ್ತಮುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದ ಜುಂಗನ್ನು ಸಮನಾಗಿ ಕತ್ತರಿಸಲು ಉರುಳೆಯ ಸುತ್ತ ಸುರುಳಿಯಾಗಿ ಬ್ಲೇಡುಗಳಿದ್ದ ಯಂತ್ರವನ್ನು ಬಳಸುತ್ತಿದ್ದರು. ಅದನ್ನು ನೋಡುತ್ತಿದ್ದ ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ಕಿಗೆ, ಬಟ್ಟೆಯ ಜುಂಗಾದರೇನು ನೆಲದ ಹುಲ್ಲಾದರೇನು ಎಂದು ಹೊಳೆಯಿತು. 1830ರ ಆಗಸ್ಟ್ 31ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಜಾನ್ ಫೆರಬಿ ಎಂಬ ಎರಕದ ಕಾರ್ಖಾನೆಯವನ ಪಾಲುದಾರಿಕೆಯಲ್ಲಿ ಯಂತ್ರ ತಯಾರಾಯಿತು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯ ಅದರ ಮೊದಮೊದಲ ಗಿರಾಕಿಗಳಲ್ಲೊಂದು. ಇನ್ನೊಂದು ಮಾತನ್ನು ಹೇಳಲೇಬೇಕು. ತಿರುಪು ತಿರುಗಿಸಿ ಬಾಯಿ ಹಿಗ್ಗಿಸುವ ಕುಗ್ಗಿಸುವ ಸ್ಪ್ಯಾನರಿನ ಒಂದು ಮಾದರಿಯನ್ನೂ ಕಂಡುಹಿಡಿದವನು ಇದೇ ಬಡ್ಡಿಂಗ್ ಎನ್ನುತ್ತಾರೆ. ಯಂತ್ರ ಕೊಟ್ಟವನೇ ಅದರ ರಿಪೇರಿಗೂ ಒಂದು ಸಲಕರಣೆ ಕೊಟ್ಟ ಹಾಗಾಯಿತು.

ಅದಕ್ಕೆ ಮೊದಲು ದೊಡ್ಡ ಮನೆಗಳ ಹುಲ್ಲುಹಾಸನ್ನು ಕುರಿಗಳು ಮೇಯಬೇಕಿತ್ತು, ಇಲ್ಲವೇ ಆಳುಗಳು ಉದ್ದ ಹಿಡಿಯ ಕುಡುಗೋಲು ಬೀಸಬೇಕಿತ್ತು. ಕುಡುಗೋಲಿಗೆ ಹುಲ್ಲು ನೆನೆದಿದ್ದರೆ ಲೇಸು. ಹಾಗಾಗಿ ಕೆಲಸ ಬೆಳಗಿನ ಇಬ್ಬನಿಯಲ್ಲೇ ಮುಗಿಯಬೇಕು. ಗಂಡಸರು ಕುಡುಗೋಲು ಬೀಸುತ್ತಾ ಹೋದಂತೆ ಹಿಂದಿನಿಂದ ಹೆಂಗಸರು ಬಿದ್ದ ಹುಲ್ಲನ್ನು ಗುಡಿಸಿ ತುಂಬುತ್ತಿದ್ದರು. ಕಳೆ ಕೀಳುವುದೂ ಅವರದೇ ಪಾಲು, ಕೂಲಿ ಮಾತ್ರ ಕಡಿಮೆ. ನಮ್ಮ ಗದ್ದೆ ಬಯಲಿನ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1842ರಲ್ಲಿ ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಶ್ಯಾಂಕ್ಸ್ ಎಂಬಾತ ತಟ್ಟುಕುದುರೆ ಎಳೆಯುವ 27 ಅಂಗುಲ ಅಗಲದ ಮೋವರ್ ಮಾಡಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡಬಾರದೆಂದು ಕುದುರೆಗಳಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಮುಂದೆ ಕುದುರೆ ಎಳೆಯುವ ದೊಡ್ಡ ಮೋವರುಗಳ ಹಿಂದೆ ಒಂದು ಸೀಟು ಬಂತು. ಕೂತು ಹುಲ್ಲು ಕತ್ತರಿಸುವ ಸುಖ ಅಲ್ಲಿಂದ ಶುರುವಾಯಿತು. 1893ರಲ್ಲಿ ಲ್ಯಾಂಕಾಷೈರಿನ ಜೇಮ್ಸ್ ಸಮ್ನರ್ ಹಬೆಯ ಮೋವರಿಗೆ ಪೇಟೆಂಟ್ ಪಡೆದ. ಅದು ಮಹಾ ಭಾರ, ಹಬೆ ಏಳುವವರೆಗೆ ಕಾಯುತ್ತ ಕೂರಬೇಕು. 1902ರಲ್ಲಿ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಇಂಜಿನ್ನಿನ ಮೋವರನ್ನು ಮಾರುಕಟ್ಟೆಗೆ ತಂದಿತು. ಅಂದಿನಿಂದ ಹುಲ್ಲಿನ ಹಣೆಬರಹ ಪೆಟ್ರೋಲಿಗೆ ಗಂಟು ಬಿತ್ತು.

ಅಮೆರಿಕದಲ್ಲಿ ಇದು ಮನೆಮನೆಯ ವಸ್ತುವಾದದ್ದು ಎರಡನೆಯ ಮಹಾಯುದ್ಧದ ನಂತರ. ಯುದ್ಧ ಮುಗಿಸಿ ಬಂದ ಸೈನಿಕರ ಸಂಸಾರಗಳಿಗಾಗಿ ಊರ ಹೊರಗೆ ಸಾಲುಸಾಲಾಗಿ ಮನೆಗಳೆದ್ದವು. ನ್ಯೂಯಾರ್ಕಿನ ಬಳಿ 1947ರಲ್ಲಿ ಶುರುವಾದ ಲೆವಿಟ್‌ಟೌನ್ ಅಂಥದ್ದು. ಅಲ್ಲಿ ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕೆಂಬ ಕರಾರೇ ಇತ್ತು. ನಮ್ಮಲ್ಲಿ ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕದ ಮನೆಯನ್ನು ಬೀದಿಯವರು ಆಡಿಕೊಳ್ಳುವ ಹಾಗೆ, ಅಲ್ಲಿ ಹುಲ್ಲು ಬೆಳೆಸಿಕೊಂಡ ಮನೆಯನ್ನು ಆಡಿಕೊಳ್ಳುತ್ತಾರೆ. ಟ್ರ್ಯಾಕ್ಟರಿಗೆ ಹೆಸರಾದ ಜಾನ್ ಡಿಯರ್ ಕಂಪನಿ 1963ರಲ್ಲಿ ಮನೆಯಂಗಳದ ಪುಟ್ಟ ಟ್ರ್ಯಾಕ್ಟರನ್ನು ಮಾರಲು ಶುರು ಮಾಡಿತು. ಶನಿವಾರ ಬಂತೆಂದರೆ ಗೃಹಸ್ಥ ರೈತನಂತೆ ಕೂತು ತನ್ನ ಒಂದೆಕರೆಯನ್ನು ಸುತ್ತತೊಡಗಿದ.

ಇನ್ನು ಅವನು ಟ್ಯಾಂಕಿಗೆ ಸುರಿಯುತ್ತಿದ್ದ ಪೆಟ್ರೋಲಿನ ವಿಚಾರ. ಇಲ್ಲಿಂದ ಕತೆ ಮತ್ತೆ ನನ್ನ ಮಗಳಿರುವ ಡೇಟನ್ನಿಗೇ ಬರುತ್ತದೆ.

1920ರ ಹೊತ್ತಿಗೆ ಇಂಜಿನ್ ಮಾಡುವವರಿಗೆ ಒಂದು ದೊಡ್ಡ ತಲೆನೋವಿತ್ತು. ಹೆಚ್ಚು ಶಕ್ತಿಯ ಇಂಜಿನ್ನಿನಲ್ಲಿ ಒತ್ತಡ ಏರಿದಾಗ ಪೆಟ್ರೋಲಿನ ಆವಿ ಹದವಾಗಿ ಉರಿಯದೆ, ಒಗ್ಗರಣೆಯ ಸಾಸಿವೆಯ ಹಾಗೆ ಅಲ್ಲಲ್ಲೇ ಸಿಡಿಯುತ್ತಿತ್ತು. ಇಂಜಿನ್ ಬಡಿದುಕೊಳ್ಳುತ್ತಿತ್ತು. ಡೇಟನ್ನಿನ ಜನರಲ್ ಮೋಟರ್ಸ್ ಪ್ರಯೋಗಶಾಲೆಯಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಥಾಮಸ್ ಮಿಜ್ಲಿ ಎಂಬ ಎಂಜಿನಿಯರ್ ಇದಕ್ಕೆ ಮದ್ದು ಹುಡುಕುತ್ತಿದ್ದ. ಪೆಟ್ರೋಲಿಗೆ ಮದ್ಯಸಾರ ಬೆರೆಸಿದರೆ ಬಡಿತ ನಿಲ್ಲುತ್ತದೆ ಎಂಬುದು ಅವರಿಬ್ಬರಿಗೂ ಗೊತ್ತಿದ್ದ ವಿಷಯ. ಹೌದು, ಮೋವರಿನವರು ಈಗ ಬೈಯುವ ಅದೇ ಮದ್ಯಸಾರ. ಆದರೆ ಅದನ್ನು ಯಾವ ರೈತನೂ ಬಟ್ಟಿ ಇಳಿಸಬಹುದು, ಬೆರೆಸಬೇಕಾದ ಪಾಲೂ ಹೆಚ್ಚು. 1921ರ ಡಿಸೆಂಬರ್ 9ರಂದು ಇನ್ನೊಂದು ಮದ್ದು ಸಿಕ್ಕಿತು. ಅದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ. ಒಂದು ಗ್ಯಾಲನ್ ಪೆಟ್ರೋಲಿಗೆ ಒಂದು ಟೀ ಚಮಚೆಗಿಂತ ಕಡಿಮೆ ಸಾಕು. ಅದರ ಮೇಲೆ ಹಕ್ಕು ಸ್ಥಾಪಿಸಿ ಲಾಭ ಮಾಡಿಕೊಳ್ಳುವುದೂ ಸುಲಭ. 1923ರ ಫೆಬ್ರವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಸೀಸದ ಪೆಟ್ರೋಲು ಮಾರಾಟವಾಯಿತು. ಈಥೈಲ್ ಎಂದು ಹೆಸರಿಟ್ಟರು. ಸೀಸ ಎಂಬ ಮಾತನ್ನು ಹೆಸರಿನಲ್ಲಿ ಬರಗೊಡಲಿಲ್ಲ.

ಸೀಸ ವಿಷವೆಂಬುದು ಆಗ ತಿಳಿಯದ ಸಂಗತಿಯೇನಲ್ಲ. ಬಣ್ಣ ಬಳಿಯುವವರು, ಅಚ್ಚುಮೊಳೆ ಜೋಡಿಸುವವರು ಅದರಿಂದ ಕಾಯಿಲೆ ಬೀಳುವುದು ವೈದ್ಯರಿಗೆ ಗೊತ್ತಿತ್ತು. ಮಿಜ್ಲಿ ತಾನೇ 1923ರ ಆರಂಭದಲ್ಲಿ ಸೀಸದ ಬಾಧೆಯಿಂದ ಸುಧಾರಿಸಿಕೊಳ್ಳಲು ರಜೆ ಹಾಕಿ ಫ್ಲಾರಿಡಾಕ್ಕೆ ಹೋಗಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಈ ದ್ರವ ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಐವರು ಹುಚ್ಚು ಹಿಡಿದಂತಾಗಿ ಸತ್ತರು. ಮೂವತ್ತಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಆ ತಿಂಗಳ ಕೊನೆಯಲ್ಲಿ ಮಿಜ್ಲಿ ಪತ್ರಕರ್ತರನ್ನು ಕರೆದು, ಅದೇ ದ್ರವದಲ್ಲಿ ಕೈ ತೊಳೆದು, ಅದರ ಆವಿ ಮೂಸಿ ತೋರಿಸಿದ, ಏನೂ ಆಗುವುದಿಲ್ಲ ಎಂದ.

ಏನಾಗುತ್ತದೆಂದು ಬಲ್ಲ ಒಬ್ಬ ಹೆಂಗಸು ಆಗ ಅಮೆರಿಕದಲ್ಲಿದ್ದರು. ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್. 1869ರಲ್ಲಿ ಹುಟ್ಟಿದ ಈಕೆ ಶಿಕಾಗೋದ ಬಡವರ ಕೇರಿಯ ಸೇವಾಸಂಸ್ಥೆಯಾದ ಹಲ್ ಹೌಸಿನಲ್ಲಿ ನೆಲೆಸಿ, ಸೀಸದ ಕಾರ್ಖಾನೆಗಳಿಗೆ ತಾವೇ ಹೋಗಿ, ಕೆಲಸಗಾರರ ಮನೆಗಳಿಗೂ ಹೋಗಿ, ಯಾರಿಗೆ ಏನಾಗಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿ ಬರೆದುಕೊಂಡವರು. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಅಧ್ಯಾಪಕಿಯಾಗಿ ಕರೆಯಿತು. ಅಲ್ಲಿ ಅಧ್ಯಾಪಕಿಯಾದ ಮೊದಲ ಹೆಂಗಸು ಅವರೇ. ಆದರೆ ಅಧ್ಯಾಪಕರ ಕ್ಲಬ್ಬಿಗೆ ಕಾಲಿಡಬಾರದು, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯಬಾರದು ಎಂದು ಷರತ್ತು! ಈ ಷರತ್ತುಗಳನ್ನು ಓದಿ ನಗು ಬಂತು, ಜೊತೆಗೆ ನಮ್ಮ ಶಿಕ್ಷಣ ಇಲಾಖೆಯ ಎಷ್ಟೋ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತ ನೆನಪೂ ಬಂತು.

1925ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಸರ್ಕಾರ ಒಂದು ಸಭೆ ಕರೆಯಿತು. ಸೀಸವನ್ನು ಬಿಟ್ಟರೆ ಬೇರೆ ಗತಿಯಿಲ್ಲ ಎಂಬ ಧಾಟಿಯಲ್ಲಿ ಕಂಪನಿಗಳ ಕಡೆಯವರು ಮಾತಾಡಿದರು. ಕಾರ್ಖಾನೆಯ ನಾಲ್ಕು ಗೋಡೆಯೊಳಗಾದರೆ ವಿಷವನ್ನು ಹತೋಟಿಯಲ್ಲಿಡಬಹುದು, ದೇಶದ ಬೀದಿಬೀದಿಗೆ ಹರಡಿದ ಮೇಲೆ ಹತೋಟಿ ಎಲ್ಲಿ ಎಂಬುದು ಹ್ಯಾಮಿಲ್ಟನ್ ಅವರ ಪ್ರಶ್ನೆ. ಸೀಸವಲ್ಲದ ಇನ್ನೊಂದನ್ನು ಹುಡುಕಿ ಎಂದು ಅವರು ಒತ್ತಾಯಿಸಿದರು. ಸ್ವಲ್ಪ ಕಾಲ ಮಾರಾಟ ನಿಂತಿತು. ತಜ್ಞರ ಸಮಿತಿಯೊಂದು ತರಾತುರಿಯಲ್ಲಿ ಪರೀಕ್ಷೆ ಮಾಡಿ, ನಿಷೇಧಿಸಲು ಸಾಕಷ್ಟು ಕಾರಣವಿಲ್ಲ ಎಂದಿತು. 1926ರಲ್ಲಿ ಮಾರಾಟ ಮತ್ತೆ ಶುರುವಾಯಿತು. ಜಗತ್ತಿನ ಕಾರು, ಬಸ್ಸು, ಮೋಟಾರ್ ಸೈಕಲ್ಲು, ಹುಲ್ಲಿನ ಯಂತ್ರ ಎಲ್ಲಕ್ಕೂ ಸೀಸದ ಪೆಟ್ರೋಲು ಹರಿಯತೊಡಗಿತು.

ಹಳೆಯ ಕಾಲದ ಮೋವರ್ ರಿಪೇರಿಯಲ್ಲಿ ಆಗ ಒಂದು ಕೆಲಸ ಕಡ್ಡಾಯವಾಗಿತ್ತು. ಇಂಜಿನ್ನಿನ ತಲೆ ಬಿಚ್ಚಿ, ಒಳಗೆ ಕಟ್ಟಿದ ಬೂದುಬಣ್ಣದ ಗಟ್ಟಿಯನ್ನು ಕೆರೆಯುವುದು. ದೋಸೆ ಕಾವಲಿಯ ಕರಕಲನ್ನು ಕೆರೆಯುತ್ತೇವಲ್ಲ, ಹಾಗೆ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲೂ ಅದೇ. ಸೀಸ ಉರಿದು ಉಳಿಸುವ ಗಷ್ಟು ಅದು. ಇಂಜಿನ್ನಿನಲ್ಲಿ ಉಳಿದದ್ದನ್ನು ಹೀಗೆ ಕೆರೆದು ತೆಗೆಯಬಹುದು. ಹೊಗೆಯ ಕೊಳವೆಯಿಂದ ಹೊರಗೆ ಹೋದದ್ದನ್ನು?

ಅದು ಎಲ್ಲಿ ಹೋಯಿತೆಂದು ಪತ್ತೆ ಹಚ್ಚಿದವರಲ್ಲಿ ಇಬ್ಬರನ್ನು ನೆನೆಯಬೇಕು. ಭೂಮಿಯ ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಒಬ್ಬರು. ಕಲ್ಲಿನಲ್ಲಿರುವ ಸೀಸವನ್ನು ಅಳೆಯಲು ಹೊರಟರೆ, ಪ್ರಯೋಗಶಾಲೆಯ ಗಾಳಿ, ಧೂಳು, ಎಲ್ಲೆಲ್ಲೂ ಸೀಸ ಸಿಕ್ಕಿ ಅವರ ಲೆಕ್ಕವೇ ತಪ್ಪುತ್ತಿತ್ತು. ಮನುಷ್ಯರ ಮೈಯಲ್ಲಿ ಸಹಜಕ್ಕಿಂತ ಎಷ್ಟೋ ಪಟ್ಟು ಸೀಸ ಸೇರಿದೆ ಎಂದು ಅವರು 1965ರಲ್ಲಿ ಬರೆದರು. ಇನ್ನೊಬ್ಬರು ಮಕ್ಕಳ ವೈದ್ಯ ಹರ್ಬರ್ಟ್ ನೀಡಲ್‌ಮನ್. ಇವರ ಕೆಲಸ ಮೇಷ್ಟರಾದ ನನ್ನನ್ನು ಹಿಡಿದು ನಿಲ್ಲಿಸಿತು.

ನಮ್ಮಲ್ಲಿ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತೇವೆ. ನೀಡಲ್‌ಮನ್ ಅವರು ಬಾಸ್ಟನ್ ಬಳಿಯ ಎರಡು ಊರುಗಳ ಒಂದನೆಯ ಎರಡನೆಯ ತರಗತಿಯ ಮಕ್ಕಳಿಂದ ಬಿದ್ದ ಹಾಲುಹಲ್ಲುಗಳನ್ನು ಕೇಳಿ ಪಡೆದರು, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಂದ. ಹಲ್ಲು ಮೈಗೆ ಸೇರಿದ ಸೀಸವನ್ನು ಕೂಡಿಡುತ್ತದೆ. ಇನ್ನೊಂದು ಕಡೆ ಆ ಮಕ್ಕಳ ಟೀಚರುಗಳ ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟರು. ಈ ಮಗುವಿಗೆ ಪಾಠದಲ್ಲಿ ಗಮನ ನಿಲ್ಲುತ್ತದೆಯೇ? ಹೇಳಿದ ಕೆಲಸವನ್ನು ಕ್ರಮವಾಗಿ ಮಾಡುತ್ತದೆಯೇ? ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂದು ಟೀಚರುಗಳಿಗೆ ಗೊತ್ತಿರಲಿಲ್ಲ. 1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದಷ್ಟೂ ಗಮನ ಕಡಿಮೆ, ಬುದ್ಧಿಶಕ್ತಿಯ ಪರೀಕ್ಷೆಯಲ್ಲೂ ಅಂಕ ಕಡಿಮೆ. ಮೇಲೆ ನೋಡಿದರೆ ಆ ಮಕ್ಕಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ. ಪಾಠ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಅಮೆರಿಕದಲ್ಲಿ 1970ರ ವಾಯುಶುದ್ಧಿ ಕಾನೂನಿನಿಂದ ಹಿಡಿದು, ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 1996ರಲ್ಲಿ. ಆಲಿಸ್ ಹ್ಯಾಮಿಲ್ಟನ್ ನೂರೊಂದು ವರ್ಷ ಬದುಕಿ, ಆ ಕಾನೂನಿಗೆ ಸಹಿ ಬೀಳುವ ಮೂರು ತಿಂಗಳ ಮೊದಲು ತೀರಿಕೊಂಡಿದ್ದರು. ನಮ್ಮ ದೇಶದಲ್ಲಿ 1995ರ ಏಪ್ರಿಲ್ಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು ಬಂತು. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಮತ್ತು ಅವರೊಡನೆ ದುಡಿದವರು ನಗರದ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆದು, 1999ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವನ್ನೇ ನಡೆಸಿ, ಸರ್ಕಾರದ ಕಿವಿಗೆ ವಿಷಯ ಮುಟ್ಟಿಸಿದರು. 2000ದ ಫೆಬ್ರವರಿ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಸೀಸವಿಲ್ಲದ ಪೆಟ್ರೋಲೇ ಮಾರಾಟವಾಗಬೇಕೆಂದಾಯಿತು. ಜಗತ್ತಿನಲ್ಲಿ ಕೊನೆಯದಾಗಿ ಆಲ್ಜೀರಿಯಾ 2021ರ ಜುಲೈನಲ್ಲಿ ಬಿಟ್ಟಿತು. ಡೇಟನ್ನಿನ ಆ ಬಂಕಿನಿಂದ ಲೆಕ್ಕ ಹಾಕಿದರೆ 98 ವರ್ಷ.

2000ಕ್ಕೆ ಮುಂಚೆ ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ ಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದ್ದೇನೆ. ತರಗತಿಯ ಕಿಟಕಿ ರಸ್ತೆಗೇ ತೆರೆಯುತ್ತಿತ್ತು. ಕಪ್ಪುಹಲಗೆಯ ಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ಧೂಳು. ಹಿಂದಿನ ಬೆಂಚಿನಲ್ಲಿ ಮಗ್ಗಿ ನಿಲ್ಲದ ಮಕ್ಕಳು ಇದ್ದೇ ಇರುತ್ತಿದ್ದರು. ಬಡತನವೋ, ಹಸಿವೋ, ಮನೆಯ ಜಗಳವೋ, ಅಪ್ಪನ ಕುಡಿತವೋ ಎಂದು ಸ್ಟಾಫ್ ರೂಮಿನಲ್ಲಿ ನಾವು ಮಾತಾಡಿಕೊಳ್ಳುತ್ತಿದ್ದೆವು. ಅವೆಲ್ಲವೂ ಇದ್ದವು. ಅವುಗಳ ಜೊತೆಗೆ ರಸ್ತೆಯ ಗಾಳಿಯೂ ಇತ್ತೇ? ಯಾವ ಮಗುವಿನ ಪಾಲಿಗೆ ಎಷ್ಟು? ಆ ಮಕ್ಕಳ ಹಾಲುಹಲ್ಲುಗಳು ಹೆಂಚಿನ ಮೇಲೆ ಬಿದ್ದು ಎಂದೋ ಮಣ್ಣಾದವು. ಅವರ ಅಂಕಪಟ್ಟಿ ಮಾತ್ರ ಉಳಿಯಿತು, ನಪಾಸು ಎಂಬ ಷರಾದೊಂದಿಗೆ.

ಆದ್ದರಿಂದ ಎಥನಾಲಿನ ಮೇಲೆ ಮೋವರಿನವರ ದೂರನ್ನು ಕೇಳುವಾಗ ನನ್ನ ತಕ್ಕಡಿ ಬೇರೆಯಾಗುತ್ತದೆ. ದೂರು ಸುಳ್ಳಲ್ಲ. ಕಾರ್ಬುರೇಟರ್ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ, ಶನಿವಾರ ಹಾಳಾಗುತ್ತದೆ. ಕಬ್ಬಿಗೆ ಎಷ್ಟು ನೀರು ಬೇಕೆಂದು ಕಾವೇರಿ ಬಯಲಿನ ನನಗೆ ಇನ್ನೊಬ್ಬರು ಹೇಳಬೇಕಾಗಿಲ್ಲ, ಮೈಲೇಜು ಕಡಿಮೆಯಾಗುವುದೂ ನಿಜ. ಆದರೆ ಇದು ಕಣ್ಣಿಗೆ ಕಾಣುವ ಕೇಡು. ಮುಚ್ಚಳ ತೆಗೆದರೆ ವಾಸನೆ ಬರುತ್ತದೆ, ಬಟ್ಟಲು ಬಿಚ್ಚಿದರೆ ಸಿಗುತ್ತದೆ, ಎಪ್ಪತ್ತು ದಾಟಿದ ಹೆಂಗಸು ಸ್ಪ್ಯಾನರ್ ಹಿಡಿದು ಅರ್ಧ ದಿನದಲ್ಲಿ ಸರಿಮಾಡಬಲ್ಲರು. ಸೀಸದ ಕೇಡು ಇಂಜಿನ್ನನ್ನು ಚೆನ್ನಾಗಿಯೇ ಓಡಿಸಿತು. ಓಡಿಸುವವನಿಗೆ ತೊಂದರೆಯೇ ಇರಲಿಲ್ಲ. ತೊಂದರೆ ಅನುಭವಿಸಿದವರು ಸೀಟಿನ ಮೇಲೆ ಕೂರದವರು, ಬೀದಿಯಲ್ಲಿ ಆಡುತ್ತಿದ್ದ ಚಿಕ್ಕವರು. ಗಾಡಿಯನ್ನು ಕೆಡಿಸುವ ಪೆಟ್ರೋಲನ್ನು ಹೇಗಾದರೂ ಸಂಭಾಳಿಸಬಹುದು, ಮಕ್ಕಳನ್ನು ಕೆಡಿಸಿದ ಪೆಟ್ರೋಲಿಗೆ ರಿಪೇರಿ ಇಲ್ಲ.

ಹಾಗೆಂದು ಮೋವರ್ ಈಗ ಪರಿಶುದ್ಧವಾಯಿತೆಂದಲ್ಲ. ಕಾರಿಗಿರುವಂಥ ಹೊಗೆ ಶುದ್ಧೀಕರಣ ಈ ಸಣ್ಣ ಇಂಜಿನ್ನುಗಳಿಗಿಲ್ಲ. ಕೂಲಿಗೆ ಹುಲ್ಲು ಕತ್ತರಿಸುವವರು ಬಳಸುವಂಥ ಮೋವರನ್ನು ಒಂದು ಗಂಟೆ ಓಡಿಸಿದರೆ, 2017ರ ಮಾದರಿಯ ಕಾರೊಂದು ಸುಮಾರು 300 ಮೈಲಿ ಓಡಿದಷ್ಟು ಹೊಂಜು ಹುಟ್ಟಿಸುವ ಹೊಗೆ ಬರುತ್ತದೆಂದು ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಲೆಕ್ಕ ಕೊಟ್ಟಿದೆ. ಅದಕ್ಕೇ ಆ ರಾಜ್ಯ 2024ರ ಮಾದರಿಗಳಿಂದ ಇಂಥ ಹೊಸ ಪೆಟ್ರೋಲ್ ಇಂಜಿನ್ನುಗಳ ಮಾರಾಟಕ್ಕೆ ಕಡಿವಾಣ ಹಾಕಿತು. ಬ್ಯಾಟರಿಯ ಮೋವರುಗಳು ಬರುತ್ತಿವೆ. ಅವು ಏನನ್ನು ಉಳಿಸಿ ಹೋಗುತ್ತವೆ ಎಂದು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಹುಲ್ಲುಹಾಸಿನ ಸಹವಾಸವಿಲ್ಲದ ನಮಗೇನು ಇದರಿಂದ ಎನ್ನಬೇಡಿ. ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ 2003ರಲ್ಲೇ ನೂರಕ್ಕೆ ಐದು ಪಾಲು ಎಥನಾಲ್ ಬೆರೆಸುವ ಯೋಜನೆ ಶುರುವಾಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇಪ್ಪತ್ತು ಪಾಲಿನ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರಲ್ಲಿ ದೇಶ ಆ ಇಪ್ಪತ್ತನ್ನು ಮುಟ್ಟಿತು. ನಿಮ್ಮ ನನ್ನ ಸ್ಕೂಟರಿನ ಹೊಟ್ಟೆಯಲ್ಲೂ ಈಗ ಕಬ್ಬಿನ, ಮೆಕ್ಕೆಜೋಳದ, ಅಕ್ಕಿಯ ಮದ್ಯಸಾರವಿದೆ.

ಮಗಳ ಬಾಣಂತನಕ್ಕೆಂದು ಎರಡು ಮೂರು ತಿಂಗಳು ಊರು ಬಿಡುವವರು ಹೊರಡುವ ಮುನ್ನ ಅಕ್ಕಿ ಡಬ್ಬಿ, ಗ್ಯಾಸು, ಫ್ರಿಜ್ಜು ನೋಡುವ ಹಾಗೆ ಸ್ಕೂಟರನ್ನೂ ಒಮ್ಮೆ ನೋಡಿ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಮೆಕ್ಯಾನಿಕ್ಕಿಗೆ ಹೇಳಿ ಟ್ಯಾಂಕನ್ನೂ ಬಟ್ಟಲನ್ನೂ ಬರಿದು ಮಾಡಿಸಿ. ಹೊಸ ಗಾಡಿಯಾದರೆ ಮನೆಯಲ್ಲಿರುವವರು ಯಾರಾದರೂ ಎರಡು ವಾರಕ್ಕೊಮ್ಮೆ ನಾಲ್ಕು ಬೀದಿ ಸುತ್ತಿಸಲಿ. ಪೆಟ್ರೋಲನ್ನು ಕ್ಯಾನಿನಲ್ಲಿ ತುಂಬಿ ಮನೆಯೊಳಗೆ ಇಡಬೇಡಿ, ಇಂಜಿನ್ ಬಿಸಿಯಿರುವಾಗ ತುಂಬಿಸಬೇಡಿ. ನಿಮ್ಮ ಗಾಡಿ ಎಷ್ಟು ಪಾಲು ಎಥನಾಲಿಗೆ ತಯಾರಾಗಿದೆ ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಸಾಮಾನ್ಯವಾಗಿ ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಚ್ಚದೆ ಬಿದ್ದಿರುತ್ತದೆ. ತೆಗೆದು ಓದಿ. ಓದಿ ಮುಗಿಸಿದ ಮೇಲೆ, ಮುಂದೆ ಯಾವ ಹೊಸ ಇಂಧನ ಬಂದಾಗಲೂ, ಇದು ಗಾಡಿಗೆ ಒಳ್ಳೆಯದೇ ಎಂದು ಕೇಳುವುದರ ಜೊತೆಗೆ, ಇದರ ಹೊಗೆ ಯಾವ ಶಾಲೆಯ ಕಿಟಕಿಯೊಳಗೆ ಹೋಗುತ್ತದೆ ಎಂದೂ ಕೇಳಿ.